ಯಾವ ಗಾಳಿಗೆ ಕೆತ್ತಿದ ಅಂಕಿ?

ಸಿನಿಮಾದ ಸ್ನೈಪರ್ ಕೆಲಸ ಬಹಳ ಸುಲಭ. ಮಹಡಿ ಮೇಲೆ ಮಲಗ್ತಾನೆ, ಒಂದು ಕಣ್ಣು ಮುಚ್ತಾನೆ, ಕೂಡುಗೆರೆ ವಿಲನ್ ಹಣೆ ಮೇಲೆ ಬಂದ ತಕ್ಷಣ ಕುದುರೆ ಎಳೀತಾನೆ. ಅಲ್ಲಿಗೆ ಕಥೆ ಮುಗೀತು. ಆದರೆ ಆ ಸ್ಕೋಪಿನ ನೆತ್ತಿಯ ಮೇಲೆ ಬಾಟಲಿ ಮುಚ್ಚಳದಷ್ಟು ದೊಡ್ಡ ಒಂದು ತಿರುಗುಣಿ ಇರುತ್ತದೆ. ಕ್ಯಾಮೆರಾ ಅದರ ಕಡೆ ಅಪ್ಪಿತಪ್ಪಿ ಮಾತ್ರ ನೋಡುತ್ತದೆ. ನನ್ನ ಇವತ್ತಿನ ಹೀರೋ ಅದೇ.

ಮೊದಲು ಸ್ವಲ್ಪ ಫಿಸಿಕ್ಸ್. ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಗುಂಡು ನೆಲದ ಕಡೆ ಬೀಳಲು ಶುರುವಾಗುತ್ತದೆ. ನಿಮ್ಮ ಕೈ ಜಾರಿದ ಮೊಬೈಲ್ ಬೀಳುವ ಹಾಗೆಯೇ, ಏನೂ ವ್ಯತ್ಯಾಸ ಇಲ್ಲ. ಹತ್ತಿರದ ಗುರಿಗಾದರೆ ಬೀಳುವುದಕ್ಕೆ ಸಮಯವೇ ಸಿಗಲ್ಲ. ಸಾಮಾನ್ಯವಾದ ಒಂದು .308 ರೈಫಲ್ಲನ್ನು 100 ಗಜಕ್ಕೆ ಸರಿಹೊಂದಿಸಿ, ಅದೇ ಗುರಿಯಿಟ್ಟು 1000 ಗಜಕ್ಕೆ, ಅಂದರೆ 914 ಮೀಟರಿಗೆ, ಹೊಡೆದರೆ ಗುಂಡು ಸುಮಾರು ಹತ್ತು ಮೀಟರ್ ಕೆಳಗೆ ಹೋಗಿರುತ್ತದೆ. ಮೂರು ಮಹಡಿ ಎತ್ತರ! ಹಾಗಾಗಿ ನಳಿಗೆಯನ್ನು ಅಷ್ಟು ಮೇಲಕ್ಕೆ ಎತ್ತಬೇಕು, ಕಣ್ಣು ಮಾತ್ರ ಗುರಿಯ ಮೇಲೇ ಇರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದೇ ಆ ತಿರುಗುಣಿಯ ಕೆಲಸ.

ಮಾಮೂಲಿ ಡಯಲ್ ಮೇಲೆ ಇರುವುದು ದೂರವಲ್ಲ, ಕೋನ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ನಿಮಿಷ. ಅದರ ಕಾಲು ಭಾಗ ಒಂದು ಕ್ಲಿಕ್. 1000 ಗಜಕ್ಕೆ ನೂರೈವತ್ತರ ಆಸುಪಾಸು ಕ್ಲಿಕ್ ಎಣಿಸಬೇಕು. ಅದಕ್ಕೆ ಪಟ್ಟಿ ಬೇಕು, ಲೆಕ್ಕ ಬೇಕು, ತಾಳ್ಮೆ ಬೇಕು. ‘ಕಸ್ಟಮ್ ಡಯಲ್’ ಬಂದಿದ್ದು ಇಲ್ಲಿ. ನಿಮ್ಮ ಗುಂಡಿನ ತೂಕ, ಆಕಾರ, ಅದು ಹೊರಡುವ ವೇಗ, ನೀವಿರುವ ಜಾಗದ ಎತ್ತರ, ಅಲ್ಲಿನ ಉಷ್ಣಾಂಶ ಇಷ್ಟನ್ನೂ ಕಂಪನಿಗೆ ಕಳಿಸಿದರೆ ಅವರು ನಿಮಗಂತಲೇ ಒಂದು ಡಯಲ್ ಕೆತ್ತಿ ಕೊಡುತ್ತಾರೆ. ಅದರ ಮೇಲೆ ನಿಮಿಷ ಇರಲ್ಲ, ನೇರವಾಗಿ ದೂರ ಇರುತ್ತದೆ. ಗುರಿ 600 ಗಜದಲ್ಲಿದೆಯಾ? 6ಕ್ಕೆ ತಿರುಗಿಸಿ, ಹೊಡೆಯಿರಿ. ತಮಾಷೆ ಅಂದರೆ ಆ ಡಯಲ್ ಮೇಲೆ ಗೆರೆಗಳು ಸಮ ಅಂತರದಲ್ಲಿ ಇರುವುದಿಲ್ಲ. 1ರಿಂದ 2ಕ್ಕೆ ಚೂರೇ ಚೂರು ತಿರುಗಿಸಿದರೆ ಸಾಕು, 9ರಿಂದ 10ಕ್ಕೆ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಬೇಕು. ದೂರ ಹೋದಷ್ಟೂ ಗುಂಡು ಸುಸ್ತಾಗುತ್ತದೆ, ಬೀಳುವುದು ಜಾಸ್ತಿಯಾಗುತ್ತದೆ.

ನನಗೆ ಬಂದೂಕಿನ ಮೋಹ ಇಲ್ಲ. ನನ್ನನ್ನು ಹಿಡಿದಿದ್ದು ಆ ಅಂಕಿಗಳು. 6 ಅಂತ ಕೆತ್ತಿರುವ ಜಾಗದಲ್ಲೇ 6 ಯಾಕೆ ಇರಬೇಕು? ಅದನ್ನು ಯಾರು ಲೆಕ್ಕ ಹಾಕಿದರು? ಈ ಪ್ರಶ್ನೆ ಬೆನ್ನು ಹತ್ತಿ ಹೋದರೆ ಸಿಗುವ ಮೊದಲ ಮನುಷ್ಯನ ಹೆಸರು ಬೆಂಜಮಿನ್ ರಾಬಿನ್ಸ್.

ನಿರ್ವಾತದಲ್ಲಿ ಎಸೆದ ವಸ್ತು ಪ್ಯಾರಾಬೋಲ ಆಕಾರದಲ್ಲಿ ಹೋಗುತ್ತದೆ ಅಂತ ಗೆಲಿಲಿಯೋ 1638ರಲ್ಲೇ ತೋರಿಸಿದ್ದ. ಗುಂಡು ಸಣ್ಣದು, ಗಾಳಿ ಹಗುರ, ಹಾಗಾಗಿ ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಅಂತ ಫಿರಂಗಿಯವರಲ್ಲಿ ಅನೇಕರು ನಂಬಿಕೊಂಡಿದ್ದರು. ಇಂಗ್ಲೆಂಡಿನ ರಾಬಿನ್ಸ್ ಒಂದು ಭಾರವಾದ ಮರದ ತುಂಡನ್ನು ಲೋಲಕದ ಹಾಗೆ ನೇತುಹಾಕಿ ಅದಕ್ಕೆ ಗುಂಡು ಹೊಡೆಸಿದ. ತುಂಡು ಎಷ್ಟು ಹಿಂದಕ್ಕೆ ತೂಗಿತು ಅಂತ ಅಳೆದರೆ ಗುಂಡಿನ ವೇಗ ಸಿಗುತ್ತದೆ. ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ಹೊಡೆದರೆ ನಡುವಿನ ಗಾಳಿ ಎಷ್ಟು ವೇಗ ತಿಂದಿತು ಅನ್ನುವುದೂ ಸಿಗುತ್ತದೆ. ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸುವಂಥದ್ದು. ವೇಗವಾಗಿ ಹೋಗುವ ಮಸ್ಕೆಟ್ ಗುಂಡಿನ ಮೇಲೆ ಗಾಳಿ ಹಾಕುವ ಒತ್ತಡ ಗುಂಡಿನ ತೂಕದ ನೂರು ಪಟ್ಟಿಗೂ ಹೆಚ್ಚು! 1742ರಲ್ಲಿ ಅವನ ಪುಸ್ತಕ ಬಂತು. 1745ರಲ್ಲಿ ಮಹಾಗಣಿತಜ್ಞ ಆಯ್ಲರ್ ಅದನ್ನು ತಾನೇ ಜರ್ಮನ್‌ಗೆ ಅನುವಾದಿಸಿ, ಮೇಲೆ ಉದ್ದುದ್ದದ ಟಿಪ್ಪಣಿ ಬರೆದ. ಗಾಳಿಯನ್ನು ಲೆಕ್ಕಕ್ಕೆ ತಂದ ಈ ಮನುಷ್ಯ ಕಡೆಗೆ ಬಂದಿದ್ದು ನಮ್ಮ ಕಡೆಗೇ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸಲು ಎಂಜಿನಿಯರ್ ಆಗಿ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರ ಬಂದು ತೀರಿಕೊಂಡ.

ಅವನ ಲೆಕ್ಕ ಸಾಮಾನ್ಯ ಸಿಪಾಯಿಯ ಕೈಗೆ ಬರಲು ಇನ್ನೂ ನೂರು ವರ್ಷ ಬೇಕಾಯಿತು. 1853ರ ಎನ್‌ಫೀಲ್ಡ್ ರೈಫಲ್ ಗೊತ್ತಲ್ಲ? ಕೊಬ್ಬು ಸವರಿದ ತೋಟಾ ಅಂತ 1857ರ ಪಾಠದಲ್ಲಿ ಓದಿದ್ದೇವಲ್ಲ, ಅದೇ ರೈಫಲ್. ನಾವು ತೋಟಾ ಬಗ್ಗೆ ಓದಿದೆವು, ನಳಿಗೆ ಮೇಲಿದ್ದ ಪುಟ್ಟ ಏಣಿಯ ಬಗ್ಗೆ ಯಾರೂ ಹೇಳಲಿಲ್ಲ. ಮಡಚಿಡಬಹುದಾದ ಲೋಹದ ಏಣಿ ಅದು. ಎಬ್ಬಿಸಿ ನಿಲ್ಲಿಸಿ, ಅದರ ಮೇಲಿನ ಜಾರುಪಟ್ಟಿಯನ್ನು 500, 700, 900 ಗಜದ ಗೆರೆಗೆ ಸರಿಸಿ, ಅದರೊಳಗಿಂದ ನೋಡಿ ಹೊಡೆಯಬೇಕು. ಸಿಪಾಯಿ ಗಣಿತ ಕಲಿಯಬೇಕಾಗಿಲ್ಲ, ಅದನ್ನು ಮಾಡಿದವರು ಬೇರೆ ಎಲ್ಲೋ ಇದ್ದಾರೆ. ಇವನ ಪಾಲಿಗೆ ಒಂದು ಗೆರೆ ಅಷ್ಟೆ.

ಆ ಗೆರೆ ಎಲ್ಲ ರೈಫಲ್ಲಿಗೂ ಒಂದೇ ಅನ್ನುವುದು ಸ್ಪರ್ಧೆಯವರಿಗೆ ಸಾಲಲಿಲ್ಲ. 1874ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡ್‌ನ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳು 800, 900, 1000 ಗಜದ ಪಂದ್ಯ ಆಡಿದವು. ಅಮೆರಿಕ 934, ಐರ್ಲೆಂಡ್ 931. ಐರಿಷ್ ತಂಡದ ಒಬ್ಬ ಪಕ್ಕದವರ ಗುರಿಹಲಗೆಯ ನಟ್ಟನಡುವಿಗೆ ಹೊಡೆದು ಸೊನ್ನೆ ತಗೊಂಡಿದ್ದ; ಆ ನಾಲ್ಕು ಅಂಕ ಸಿಕ್ಕಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಈ ಕಾಲದ ಸ್ಪರ್ಧಾಳುಗಳ ರೈಫಲ್ ಹಿಂಭಾಗದಲ್ಲಿ ಇದ್ದಿದ್ದು ವರ್ನಿಯರ್ ಅಳತೆಪಟ್ಟಿಯ ಸೈಟ್. ಪಿಯುಸಿ ಲ್ಯಾಬಿನಲ್ಲಿ ನಮ್ಮನ್ನು ಗೋಳು ಹೊಯ್ದುಕೊಂಡ ಅದೇ ವರ್ನಿಯರ್! ಅದರಲ್ಲಿ ದೂರದ ಅಂಕಿ ಇಲ್ಲ, ಕೋನದ ಸೂಕ್ಷ್ಮ ಅಳತೆ ಮಾತ್ರ. ಈ ರೈಫಲ್ಲು, ಈ ಮದ್ದು, ಈ ದೂರ, ಇವತ್ತಿನ ಹವೆ ಇದಕ್ಕೆ ಎಷ್ಟು ಅನ್ನುವುದನ್ನು ಪ್ರತಿಯೊಬ್ಬನೂ ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಕಸ್ಟಮ್ ಡಯಲ್ ಆಗ ಇನ್ನೂ ಲೋಹದ ಮೇಲೆ ಬಂದಿರಲಿಲ್ಲ, ಜೇಬಿನಲ್ಲಿತ್ತು.

ಲೋಹದ ಮೇಲೆ ಕೆತ್ತಿದ್ದರ ತೊಂದರೆ ಏನು ಅನ್ನುವುದಕ್ಕೆ .303 ಲೀ-ಎನ್‌ಫೀಲ್ಡ್ ಕಥೆ ಒಳ್ಳೆಯ ಉದಾಹರಣೆ. 1910ರವರೆಗೆ ಅದರ ಗುಂಡು ಮೊಂಡುಮೂತಿಯದು, ಸುಮಾರು 14 ಗ್ರಾಂ, ಹೊರಡುವ ವೇಗ ಸೆಕೆಂಡಿಗೆ 630 ಮೀಟರ್ ಆಸುಪಾಸು. ಆಮೇಲೆ ‘ಮಾರ್ಕ್ 7’ ಅನ್ನುವ ಚೂಪುಮೂತಿಯ ಗುಂಡು ಬಂತು: ಸುಮಾರು 11 ಗ್ರಾಂ, ವೇಗ ಸುಮಾರು 740. ರೈಫಲ್ ಅದೇ, ನಳಿಗೆ ಅದೇ. ಆದರೆ ಸೈಟಿನ ಮೇಲಿನ ಒಂದೊಂದು ಗೆರೆಯೂ ರಾತ್ರೋರಾತ್ರಿ ಸುಳ್ಳಾಯಿತು. 600 ಅಂತ ಕೆತ್ತಿದ ಜಾಗ ಈಗ 600 ಅಲ್ಲ. ಹಳೆಯ ರೈಫಲ್ಲುಗಳ ಸೈಟುಗಳನ್ನು ಹೊಸದಾಗಿ ಗುರುತು ಮಾಡಬೇಕಾಯಿತು. 1914ರಲ್ಲಿ ಭಾರತೀಯ ಪಡೆಗಳು ಮಹಾಯುದ್ಧಕ್ಕೆ ಅಂತ ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಇಳಿದಾಗ ಅವರ ಕೈಲಿದ್ದಿದ್ದು ಹಳೆಯ ಗುಂಡಿನ ರೈಫಲ್ಲುಗಳು. ಅವನ್ನು ವಾಪಸ್ ತಗೊಂಡು ಹೊಸ ಗುಂಡಿಗೆ ಹೊಂದುವ ರೈಫಲ್ ಕೊಟ್ಟು ಕಂದಕಗಳ ಕಡೆ ಕಳಿಸಿದರು. ಪರಿಚಯವೇ ಇಲ್ಲದ ಚಳಿ, ಪರಿಚಯವೇ ಇಲ್ಲದ ಆಯುಧ.

ಅದೇ ರೈಫಲ್ಲಿನ ಎಡ ಮಗ್ಗುಲಲ್ಲಿ ಇನ್ನೊಂದು ಡಯಲ್ ಇತ್ತು. 2800 ಗಜದವರೆಗೆ, ಅಂದರೆ ಎರಡೂವರೆ ಕಿಲೋಮೀಟರ್! ಅಷ್ಟು ದೂರದ ಮನುಷ್ಯ ಬರಿಗಣ್ಣಿಗೆ ಕಾಣಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಇಡೀ ತುಕಡಿ ಒಟ್ಟಿಗೆ ಡಯಲ್ ತಿರುಗಿಸಿ, ದೂರದ ಒಂದು ಬಯಲಿನ ಮೇಲೆ ಗುಂಡಿನ ಮಳೆ ಸುರಿಸಬೇಕು ಅನ್ನುವುದು ಆಲೋಚನೆ. ಆ ಕೆಲಸವನ್ನು ಮಷೀನ್ ಗನ್ ವಹಿಸಿಕೊಂಡಿತು. 1916ರಲ್ಲಿ ಉತ್ಪಾದನೆ ಬೇಗ ಆಗಲಿ ಅಂತ ಆ ಡಯಲನ್ನು ಬಿಟ್ಟೇಬಿಟ್ಟರು.

ಇನ್ನು ಲೆಕ್ಕ ಹಾಕಿದವರ ವಿಷಯಕ್ಕೆ ಬರೋಣ. 19ನೇ ಶತಮಾನದ ಕೊನೆಯ ಹೊತ್ತಿಗೆ ರಷ್ಯ, ಇಟಲಿ, ಫ್ರಾನ್ಸಿನ ಸೇನಾ ಗಣಿತಜ್ಞರು ಒಂದು ಉಪಾಯ ಕಂಡುಕೊಂಡಿದ್ದರು. ಒಂದು ಮಾದರಿ ಗುಂಡನ್ನು ಚೆನ್ನಾಗಿ ಅಳೆಯುವುದು. ಉಳಿದ ಗುಂಡುಗಳು ಅದಕ್ಕಿಂತ ಎಷ್ಟು ಚೆನ್ನಾಗಿ ಗಾಳಿ ಸೀಳುತ್ತವೆ ಅಂತ ಒಂದೇ ಅಂಕಿಯಲ್ಲಿ ಹೇಳುವುದು. ಇವತ್ತಿಗೂ ಗುಂಡಿನ ಡಬ್ಬಿ ಮೇಲೆ ಜಿ1, ಜಿ7 ಅಂತ ಕಾಣುತ್ತದೆ. ಆ ‘ಜಿ’ ಬಂದಿದ್ದು ಫ್ರಾನ್ಸಿನ ಗಾವ್ರ್ ಅನ್ನುವ ಪರೀಕ್ಷಾ ಮೈದಾನದಿಂದ.

ಫಿರಂಗಿಗಳಿಗೆ ಇದು ಸಾಲದು, ಪಥವನ್ನು ಹೆಜ್ಜೆ ಹೆಜ್ಜೆಯಾಗಿ ಗುಣಿಸಿ ಕೂಡಿಸಿ ಬಿಡಿಸಬೇಕು. ಎರಡನೇ ಮಹಾಯುದ್ಧದಲ್ಲಿ ಫಿಲಡೆಲ್ಫಿಯದ ಮೂರ್ ಸ್ಕೂಲಿನಲ್ಲಿ ಈ ಕೆಲಸ ಮಾಡಿದವರು ಗಣಿತ ಓದಿದ ಹೆಣ್ಣುಮಕ್ಕಳು. ಅವರ ಹುದ್ದೆಯ ಹೆಸರೇ ‘ಕಂಪ್ಯೂಟರ್’. ಒಂದೇ ಒಂದು ಪಥಕ್ಕೆ ಕೈಯಲ್ಲಿ 30-40 ಗಂಟೆ ಬೇಕು. ಒಂದು ಫಿರಂಗಿಯ ಕೋಷ್ಟಕಕ್ಕೆ ಸಾವಿರಾರು ಪಥ ಬೇಕು. ಈ ಹೊರೆ ಇಳಿಸಲು ಹುಟ್ಟಿದ್ದೇ ಎನಿಯಾಕ್ ಯಂತ್ರ. ಸುಮಾರು 18,000 ವ್ಯಾಕ್ಯೂಮ್ ಟ್ಯೂಬುಗಳ ಆ ಯಂತ್ರಕ್ಕೆ ಪ್ರೋಗ್ರಾಂ ಬರೆದವರು ಆ ಕಂಪ್ಯೂಟರ್‌ಗಳಲ್ಲೇ ಆರಿಸಿದ ಆರು ಜನ: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರುತ್ ಲಿಕ್ಟರ್‌ಮನ್. 1946ರ ಫೆಬ್ರುವರಿಯಲ್ಲಿ ಲೋಕಕ್ಕೆ ತೋರಿಸಿದಾಗ ಅದು ಒಂದು ಶೆಲ್ಲಿನ ಪಥವನ್ನು, ಆ ಶೆಲ್ ನೆಲ ಮುಟ್ಟುವುದಕ್ಕಿಂತ ಬೇಗ ಲೆಕ್ಕ ಹಾಕಿ ಮುಗಿಸಿತು. ಅವತ್ತಿನ ಪ್ರದರ್ಶನದ ಪ್ರೋಗ್ರಾಂ ಜೆನ್ನಿಂಗ್ಸ್ ಮತ್ತು ಸ್ನೈಡರ್ ಅವರದ್ದು. ಸಂಭ್ರಮದ ಊಟಕ್ಕೆ ಮಾತ್ರ ಅವರನ್ನು ಯಾರೂ ಕರೆಯಲಿಲ್ಲ. ಬೆಂಗಳೂರಿನಲ್ಲಿ ಕೂತು ಕೋಡ್ ಬರೆದು ಇಎಂಐ ಕಟ್ಟುವ ನಮ್ಮೆಲ್ಲರ ವಂಶವೃಕ್ಷದ ಬೇರು ಒಂದು ಇಲ್ಲೂ ಇದೆ, ಫಿರಂಗಿಯ ಡಯಲ್ ಎಷ್ಟು ತಿರುಗಿಸಬೇಕು ಅನ್ನುವ ಪ್ರಶ್ನೆಯಲ್ಲಿ.

ಅಷ್ಟು ಹೊತ್ತಿಗೆ ರೈಫಲ್ ಮೇಲಿನ ದುರ್ಬೀನಿಗೂ ದೂರದ ಡಯಲ್ ಬಂದಿತ್ತು. ಬ್ರಿಟಿಷರ 32ನೇ ನಂಬರಿನ ಸ್ಕೋಪ್ ಮೂಲತಃ ಬ್ರೆನ್ ಗನ್ನಿಗೆ ಅಂತ ಮಾಡಿದ್ದು, ಆಮೇಲೆ ಸ್ನೈಪರ್ ರೈಫಲ್ ಏರಿತು. ಅದರ ಡಯಲ್ 1000 ಗಜದವರೆಗೆ, ಮಾರ್ಕ್ 7 ಗುಂಡಿನ ಲೆಕ್ಕಕ್ಕೆ. 1963ರಲ್ಲಿ ಸೋವಿಯತ್ ಸೇನೆ ಡ್ರಗುನೋವ್ ರೈಫಲ್ ತಂದಾಗ ಅದರ ಸ್ಕೋಪಿನ ತಿರುಗುಣಿ ಮೇಲೆ 1ರಿಂದ 10ರವರೆಗೆ ಅಂಕಿ, ಒಂದೊಂದೂ ನೂರು ಮೀಟರ್. ಭಾರತೀಯ ಸೇನೆಯೂ ಈ ರೈಫಲ್ಲನ್ನು ಬಳಸಿಕೊಂಡು ಬಂದಿದೆ.

ದೂರ ಎಷ್ಟು ಅಂತ ಗೊತ್ತಿದ್ದರೆ ತಾನೇ ಡಯಲ್ ತಿರುಗಿಸುವುದು? ಲೇಸರ್ ಇಲ್ಲದ ಕಾಲ. ಅದಕ್ಕೇ ಗಾಜಿನ ಒಳಗೇ ಒಂದು ನೇರ ಗೆರೆ, ಅದರ ಮೇಲೊಂದು ಬಾಗಿದ ಗೆರೆ ಬರೆದಿದ್ದಾರೆ. ಎದುರಿನ ಮನುಷ್ಯನ ಕಾಲು ಕೆಳಗಿನ ಗೆರೆಗೆ, ತಲೆ ಮೇಲಿನ ಗೆರೆಗೆ ತಾಗುವ ಜಾಗದಲ್ಲಿ ಇರುವ ಅಂಕಿಯೇ ದೂರ. ಪಕ್ಕದಲ್ಲಿ ಸಣ್ಣಗೆ 1.7 ಅಂತ ಬರೆದಿರುತ್ತದೆ. ಗುರಿಯಾಗುವ ಮನುಷ್ಯನ ಎತ್ತರ 1.7 ಮೀಟರ್ ಅಂತ ಊಹೆ. ನಾನು ಈ ಇತಿಹಾಸದಲ್ಲಿ ಸುಮಾರು ಹೊತ್ತು ನಿಂತುಬಿಟ್ಟಿದ್ದು ಈ ಜಾಗದಲ್ಲಿ. ಇದುವರೆಗೆ ಗುಂಡಿನ ತೂಕ, ಗಾಳಿ, ಕೋನ ಅಂತ ಲೆಕ್ಕದ ಸುಖದಲ್ಲಿದ್ದವನಿಗೆ, ಅಳತೆಕೋಲು ಅಂದರೆ ಒಬ್ಬ ಮನುಷ್ಯ ಅಂತ ಆ ಪುಟ್ಟ ಅಂಕಿ ನೆನಪಿಸಿತು.

ಇವತ್ತಿನ ಕಸ್ಟಮ್ ಡಯಲ್ ಸೇನೆಯ ಸೊತ್ತಾಗಿ ಉಳಿದಿಲ್ಲ. ಅಮೆರಿಕದ ಬೇಟೆಗಾರರು, ಸ್ಪರ್ಧಾಳುಗಳು ತಮ್ಮ ಒಂದು ರೈಫಲ್, ಒಂದು ತೋಟಾಕ್ಕೆ ಅಂತ ಅಳತೆ ಕೊಟ್ಟು, ಟೈಲರ್ ಹತ್ತಿರ ಅಂಗಿ ಹೊಲಿಸಿಕೊಂಡ ಹಾಗೆ ಮಾಡಿಸಿಕೊಳ್ಳುತ್ತಾರೆ. ಆದರೆ 1910ರ ತೊಂದರೆ ಹಾಗೇ ಇದೆ. ಮಂಗಳೂರಿನ ಕಡಲತೀರದ ಗಾಳಿಗೆ ಡಯಲ್ ಕೆತ್ತಿಸಿ ಬೆಂಗಳೂರಿಗೆ ತಂದಿರಿ ಅಂದುಕೊಳ್ಳಿ. ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದ್ದೇವೆ, ಇಲ್ಲಿ ಗಾಳಿಯ ಸಾಂದ್ರತೆ ಶೇಕಡಾ 8-9ರಷ್ಟು ಕಮ್ಮಿ. ತಡೆ ಕಮ್ಮಿ, ಬೀಳುವುದೂ ಕಮ್ಮಿ. ಅದೇ .308, 1000 ಗಜದಲ್ಲಿ ಅರ್ಧ ಮೀಟರಿಗೂ ಹೆಚ್ಚು ಮೇಲೆ ಹೋಗುತ್ತದೆ. ಡಯಲ್ ಮೇಲೆ ಮಾತ್ರ 10 ಅಂತಲೇ, ಅಷ್ಟೇ ಚಂದವಾಗಿ, ಅಷ್ಟೇ ಆತ್ಮವಿಶ್ವಾಸದಿಂದ ಕೆತ್ತಿರುತ್ತದೆ. ಅದಕ್ಕೇ ಅನುಭವಿಗಳಲ್ಲಿ ಎಷ್ಟೋ ಜನ ಈಗಲೂ ಕೋನದ ಡಯಲನ್ನೇ ಇಟ್ಟುಕೊಂಡು, ಗಾಳಿ ಅಳೆಯುವ ಕೈಯಂತ್ರವನ್ನೋ ಮೊಬೈಲ್ ಆ್ಯಪನ್ನೋ ನೋಡಿ ಆಯಾ ದಿನದ ಲೆಕ್ಕ ಹಾಕುತ್ತಾರೆ. ಕ್ರೀಡ್‌ಮೂರಿನವರ ಜೇಬಿನ ಪುಸ್ತಕ ಮತ್ತೆ ಬಂದ ಹಾಗೆ.

ನಮ್ಮ ಕೆಲಸದಲ್ಲೂ ದಿನವಿಡೀ ಇಂಥ ಡಯಲ್‌ಗಳನ್ನೇ ನೋಡುತ್ತಿರುತ್ತೇವೆ: ಕ್ರೆಡಿಟ್ ಸ್ಕೋರು, ರೇಟಿಂಗು, ಡ್ಯಾಶ್‌ಬೋರ್ಡಿನ ಹಸಿರು ಬಾಣ. ಲೆಕ್ಕ ಬೇರೆಯವರದ್ದು, ತಿರುಗಿಸುವ ಕೈ ನಮ್ಮದು. ಸುಲಭ ಮಾಡಿಕೊಟ್ಟಿದ್ದಕ್ಕೆ ಕೃತಜ್ಞತೆ ಇರಲಿ, ನನಗೂ ಇದೆ. ಆದರೂ 6 ಅಂತ ಕಂಡಾಗ ಇದನ್ನು ಯಾವ ಊರಿನ ಗಾಳಿಗೆ ಕೆತ್ತಿದ್ದು, ಲೆಕ್ಕ ಹಾಕಿದವರು ಯಾರು, ಕೂಡುಗೆರೆಯ ಆ ಬದಿಯಲ್ಲಿ 1.7 ಮೀಟರ್ ಅಂತ ನಿಂತಿರುವವರು ಯಾರು ಅಂತ ಒಂದು ಸಲ ಕೇಳಿಕೊಂಡು ತಿರುಗಿಸೋಣ.