ನಮ್ಮನ್ನೂ ಆಳಿದ ಬೂರ್ಗುಲ

ಹೈದರಾಬಾದಿನ ಸಚಿವಾಲಯದ ಹತ್ತಿರ ಬಿ.ಆರ್.ಕೆ.ಆರ್. ಭವನ ಅಂತ ಒಂದು ಕಟ್ಟಡ ಇದೆ. 2019ರಿಂದ 2023ರಲ್ಲಿ ಹೊಸ ಸಚಿವಾಲಯ ತೆರೆಯುವವರೆಗೆ ತೆಲಂಗಾಣ ಸರ್ಕಾರ ನಡೆದದ್ದು ಅಲ್ಲಿಂದಲೇ. ಆ ನಾಲ್ಕು ಅಕ್ಷರಗಳ ಹಿಂದಿರುವವರು ಬೂರ್ಗುಲ ರಾಮಕೃಷ್ಣರಾವ್. ಇಲ್ಲಿನ ಕನ್ನಡಿಗರಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ: ಬೀದರ್, ಗುಲ್ಬರ್ಗಾ, ರಾಯಚೂರಿನ ನಮ್ಮ ಹಿರಿಯರಿಗೂ ಇವರೇ ಮುಖ್ಯಮಂತ್ರಿ!

ಹುಟ್ಟಿದ್ದು 1899ರಲ್ಲಿ, ಮಹಬೂಬ್‌ನಗರ ಸೀಮೆಯಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜು, ಮುಂಬೈಯಲ್ಲಿ ಕಾನೂನು, ಆಮೇಲೆ ಹೈದರಾಬಾದಿನಲ್ಲಿ ವಕೀಲಿ. ಪಿ.ವಿ. ನರಸಿಂಹರಾಯರು ವಕೀಲಿ ಶುರು ಮಾಡಿದ್ದು ಇವರ ಕೈಕೆಳಗೆ. ತೆಲುಗು, ಉರ್ದು, ಫಾರಸಿ, ಸಂಸ್ಕೃತ, ಮರಾಠಿ, ಜೊತೆಗೆ ಕನ್ನಡವೂ ಬರುತ್ತಿತ್ತು. ಸೌಂದರ್ಯಲಹರಿಯನ್ನು ತೆಲುಗಿಗೆ ತಂದವರು.

ನಿಜಾಮರ ಕಾಲದಲ್ಲಿ ಆಡಳಿತ, ಓದು ಎಲ್ಲಾ ಉರ್ದು. 1921ರಲ್ಲಿ ಹೈದರಾಬಾದಿನ ಒಂದು ಸುಧಾರಣಾ ಸಭೆಯಲ್ಲಿ ಒಬ್ಬರು ತೆಲುಗಿನಲ್ಲಿ ಮಾತಾಡಲು ನಿಂತರೆ ಸಭಿಕರು ಗೇಲಿ ಮಾಡಿ ಕೂರಿಸಿದರು. ಆ ಅವಮಾನದಿಂದ ಹುಟ್ಟಿದ್ದೇ ಆಂಧ್ರ ಜನ ಸಂಘ. ಅದನ್ನು ಕಟ್ಟಿದವರಲ್ಲಿ ಬೂರ್ಗುಲ ಒಬ್ಬರು. 1931ರ ದೇವರಕೊಂಡ ಆಂಧ್ರ ಮಹಾಸಭೆಗೆ ಅವರೇ ಅಧ್ಯಕ್ಷರು. ನಿಜಾಂ ಸೀಮೆಯ ಕನ್ನಡಿಗರೂ ಮುಂದೆ ಇದೇ ದಾರಿಯಲ್ಲಿ ತಮ್ಮ ಪರಿಷತ್ತು ಕಟ್ಟಿಕೊಂಡರು. ನೋವು ಒಂದೇ ಅಲ್ಲವೇ?

1948ರ ಪೊಲೀಸ್ ಕಾರ್ಯಾಚರಣೆಯ ನಂತರ, 1950ರಲ್ಲಿ, ವೆಲ್ಲೋಡಿ ಮಂತ್ರಿಮಂಡಲದಲ್ಲಿ ಬೂರ್ಗುಲ ಕಂದಾಯ ಮಂತ್ರಿಯಾದರು. ಅತ್ತ ತೆಲಂಗಾಣದ ಹಳ್ಳಿಗಳಲ್ಲಿ ರೈತರ ಸಶಸ್ತ್ರ ಹೋರಾಟ. ಅದೇ ವರ್ಷ ಬಂದ ಗೇಣಿ ಕಾಯ್ದೆ 'ರಕ್ಷಿತ ಗೇಣಿದಾರ' ಎಂಬ ಹಕ್ಕನ್ನು ಕೊಟ್ಟಿತು. ಜಮೀನ್ದಾರ ಮನಸ್ಸು ಬಂದಾಗ ಎಬ್ಬಿಸಿ ಕಳಿಸುವ ಹಾಗಿರಲಿಲ್ಲ. ನನಗೆ ಅವರ ದೊಡ್ಡ ಕೆಲಸ ಇದೇ ಅನ್ನಿಸುತ್ತದೆ.

1952ರಲ್ಲಿ ಶಾದ್‌ನಗರದಿಂದ ಗೆದ್ದು ಮುಖ್ಯಮಂತ್ರಿಯಾದರು. 175 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 93. ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ ಜಿಲ್ಲೆಗಳ ರಾಜ್ಯ. ಆರು ತಿಂಗಳಾಗುವಷ್ಟರಲ್ಲೇ ಮುಲ್ಕಿ ಗಲಾಟೆ. ಹೊರಗಿನವರು ನಕಲಿ ಪ್ರಮಾಣಪತ್ರ ತೋರಿಸಿ ನೌಕರಿ ಹಿಡಿಯುತ್ತಿದ್ದಾರೆ ಎಂದು ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಸೆಪ್ಟೆಂಬರಿನಲ್ಲಿ ಗೋಲಿಬಾರ್ ಆಯಿತು, ಪ್ರಾಣಗಳು ಹೋದವು. ಈ ಕಳಂಕ ಅವರ ಸರ್ಕಾರದ ಮೇಲಿದೆ, ಅದನ್ನು ಮುಚ್ಚಿಡಬಾರದು.

ಆಮೇಲೆ ಬಂತು ರಾಜ್ಯ ಪುನರ್ವಿಂಗಡಣೆ. 1955ರ ಆಯೋಗದ ವರದಿ, ತೆಲಂಗಾಣ ಸದ್ಯಕ್ಕೆ ಬೇರೆಯಾಗಿಯೇ ಇರಲಿ, 1961ರ ಸುಮಾರಿನ ಚುನಾವಣೆಯ ನಂತರ ಅಲ್ಲಿನ ಶಾಸಕರಲ್ಲಿ ಮೂರನೇ ಎರಡು ಪಾಲು ಒಪ್ಪಿದರೆ ಆಂಧ್ರಕ್ಕೆ ಸೇರಲಿ ಎಂದಿತು. ಬೂರ್ಗುಲರ ಸ್ಥಿತಿ ಯೋಚಿಸಿ. ಭಾಷೆಗಾಗಿ ಸಂಘ ಕಟ್ಟಿದ ಮನುಷ್ಯ, ಈಗ ತನ್ನ ಜನರಲ್ಲಿ ಬಹಳ ಮಂದಿಗೆ ಒಂದೇ ಭಾಷೆಯವರ ಜೊತೆ ಸೇರುವುದಕ್ಕೇ ಭಯ! ಈ ಅಳುಕನ್ನು ಅವರು ಕಾಂಗ್ರೆಸ್ ಅಧ್ಯಕ್ಷ ಧೇಬರ್ ಅವರಿಗೆ ಬರೆದರು. ಆದರೆ ದೆಹಲಿಯ ತೀರ್ಮಾನ ಬೇರೆಯಾದಾಗ ತಲೆಬಾಗಿದರು. 1956ರ ಫೆಬ್ರವರಿ 20ರಂದು 'ದೊಡ್ಡ ಮನುಷ್ಯರ ಒಪ್ಪಂದ'ಕ್ಕೆ ಸಹಿ ಹಾಕಿದ ಎಂಟು ಮಂದಿಯಲ್ಲಿ ಅವರೂ ಒಬ್ಬರು.

ನವೆಂಬರ್ 1ರಂದು ಅವರ ರಾಜ್ಯವೂ ಇಲ್ಲ, ಕುರ್ಚಿಯೂ ಇಲ್ಲ. ಸಂಜೀವರೆಡ್ಡಿ ಮುಖ್ಯಮಂತ್ರಿಯಾದರು, ಬೂರ್ಗುಲ ಕೇರಳಕ್ಕೆ, ನಂತರ ಉತ್ತರ ಪ್ರದೇಶಕ್ಕೆ ರಾಜ್ಯಪಾಲರಾಗಿ ಹೋದರು. 1967ರಲ್ಲಿ ತೀರಿಕೊಂಡರು. ಒಪ್ಪಂದದ ಮಾತು ಉಳಿಯಲಿಲ್ಲ ಎಂದು 1969ರಲ್ಲಿ ತೆಲಂಗಾಣ ಹೊತ್ತಿ ಉರಿಯಿತು, 2014ರಲ್ಲಿ ಬೇರೆಯೂ ಆಯಿತು.

ಅಂದು ನಮ್ಮ ಮೂರು ಜಿಲ್ಲೆಗಳು ಕರ್ನಾಟಕ ಸೇರಿದ್ದು ಸಂತೋಷದ ಸಂಗತಿಯೇ. ಆದರೆ ಗದ್ವಾಲ, ಆಲಂಪುರ, ತಾಂಡೂರು, ಕೊಡಂಗಲ್, ಜಹೀರಾಬಾದ್, ನಾರಾಯಣಖೇಡ ಈಚೆಗೇ ಉಳಿದವು. ಅಲ್ಲಿಯ ಸಂತೆಗಳಲ್ಲಿ ಈಗಲೂ ಕನ್ನಡ ಕಿವಿಗೆ ಬೀಳುತ್ತದೆ. ಗೆರೆ ಎಲ್ಲಿ ಎಳೆದರೂ ಯಾರೋ ಒಬ್ಬರು ಆಚೆ ಉಳಿಯುತ್ತಾರೆ ಎಂಬುದು ಬೂರ್ಗುಲರಿಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದರು. ಅದು ಪಕ್ಷನಿಷ್ಠೆಯೋ, ದೌರ್ಬಲ್ಯವೋ? ತೆಲಂಗಾಣದ ಗೆಳೆಯರು ದೌರ್ಬಲ್ಯ ಎನ್ನುತ್ತಾರೆ. ಅಧಿಕಾರ ಉಳಿಸಿಕೊಳ್ಳಲು ರಾಜ್ಯ ಒಡೆದವರನ್ನು ಕಂಡಿದ್ದೇವೆ; ತನ್ನ ಕುರ್ಚಿ ಹೋಗುತ್ತದೆಂದು ತಿಳಿದೂ ಸಹಿ ಹಾಕಿದವರನ್ನು ಅಷ್ಟು ಸುಲಭವಾಗಿ ದುರ್ಬಲ ಎನ್ನಲು ನನಗೆ ಮನಸ್ಸಾಗುವುದಿಲ್ಲ.