ಜಾನುವಾರುಗಳಲ್ಲಿ ಹೊಟ್ಟೆ ಉಬ್ಬರ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಪಶುಪಾಲಕರ ಮಾಹಿತಿಗಾಗಿ

ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿರುವ ಅಜ್ಜಂಪುರ ಹಾಗೂ ನೆರೆಯ ಕಡೂರು, ತರೀಕೆರೆ ತಾಲ್ಲೂಕುಗಳಲ್ಲಿ ರಾಸುಗಳು ಬೇಸಿಗೆಯನ್ನು ಬಹುಮಟ್ಟಿಗೆ ಒಣಮೇವಿನಲ್ಲಿಯೇ ಕಳೆಯುತ್ತವೆ. ಮುಂಗಾರಿನ ನಂತರ ಹಸಿದ ರಾಸು ಅಲಸಂದೆ, ಕುದುರೆಮಸಾಲೆಯಂತಹ ಎಳೆಯ ದ್ವಿದಳ ಮೇವನ್ನು ಒಮ್ಮೆಲೇ ಮೇದಲ್ಲಿ, ಮೆಲುಕು ಚೀಲದಲ್ಲಿ ಅನಿಲವು ನೊರೆಗಟ್ಟಿ ತೇಗಿನ ಮೂಲಕ ಹೊರಹೋಗದೆ ಉಳಿಯುತ್ತದೆ. ಮದುವೆಯ ಊಟದಲ್ಲಿ ಉಳಿದ ಅನ್ನವನ್ನು ಅಕ್ಕರೆಯಿಂದ ಬಕೆಟ್‌ಗಟ್ಟಲೆ ಉಣಿಸುವುದೂ ಅಷ್ಟೇ ಅಪಾಯಕಾರಿ.

ಎಡ ಪಕ್ಕೆಯ ಹಿಂದಿನ ಕುಳಿಯು ಉಬ್ಬಿ, ತಟ್ಟಿದರೆ ತಮಟೆಯಂತೆ ಶಬ್ದ ಬರುವುದು ಮುಖ್ಯ ಲಕ್ಷಣ. ಉಬ್ಬಿದ ಚೀಲವು ಶ್ವಾಸಕೋಶಗಳನ್ನು ಒತ್ತುವುದರಿಂದ ರಾಸು ಬಾಯಿ ತೆರೆದು ಉಸಿರಾಡುತ್ತದೆ. ಕೆಲವೇ ಗಂಟೆಗಳಲ್ಲಿ ಮರಣ ಸಂಭವಿಸಬಹುದು. ಬೆಳಗಾಗಲೆಂದು ಕಾಯುವಂತಿಲ್ಲ. ಕೂಡಲೇ ಹತ್ತಿರದ ಪಶು ಆಸ್ಪತ್ರೆಯನ್ನು ಅಥವಾ 1962 ಸಹಾಯವಾಣಿಯನ್ನು ಸಂಪರ್ಕಿಸತಕ್ಕದ್ದು. ವೈದ್ಯರು ಬರುವವರೆಗೆ ಮುಂಗಾಲುಗಳು ಎತ್ತರದಲ್ಲಿರುವಂತೆ ರಾಸನ್ನು ನಿಲ್ಲಿಸಬೇಕು. ನಾಲಿಗೆ ಹಿಡಿದೆಳೆದು, ತಲೆಯನ್ನು ಮೇಲೆತ್ತಿ ಎಣ್ಣೆ ಸುರಿಯಕೂಡದು. ಅದು ಶ್ವಾಸಕೋಶ ಸೇರಿದರೆ ಉಬ್ಬರದಿಂದ ಪಾರಾದ ರಾಸೂ ಸಾಯುವುದುಂಟು. ಹೊಟ್ಟೆಗೆ ಚುಚ್ಚಿ ಅನಿಲ ತೆಗೆಯುವುದು ಪಶುವೈದ್ಯರ ಕೆಲಸ.

ವಿಮೆ ಮಾಡಿಸಿದ ರಾಸು ಮೃತಪಟ್ಟಲ್ಲಿ, ಹೂಳುವ ಮುನ್ನವೇ ವಿಮಾ ಸಂಸ್ಥೆಗೂ ಪಶುವೈದ್ಯಾಧಿಕಾರಿಗಳಿಗೂ ತಿಳಿಸತಕ್ಕದ್ದು. ಕಿವಿಯೋಲೆಯನ್ನು ಕಿತ್ತೆಸೆಯಬಾರದು, ಪರಿಹಾರದ ಅರ್ಜಿಗೆ ಅದು ಅಗತ್ಯ.