ಕೂಡಿಟ್ಟ ಮರ, ಕಡೆದ ಗೊಂಬೆ

ಕರಕುಶಲ ಕಲೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅದರ ಸಿದ್ಧವಸ್ತುಗಳಿಂದಲೇ ತೊಡಗುತ್ತಾರೆ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗಿನ ಪದಾರ್ಥದ ವರ್ಣವನ್ನೂ ಆಕಾರವನ್ನೂ ಪರೀಕ್ಷಿಸಿ, ಅದು ಯಾವ ಕಾಲದ್ದು, ಯಾರ ಆಶ್ರಯದಲ್ಲಿ ಹುಟ್ಟಿದ್ದು, ಯಾವ ದೇಶದ ಪ್ರಭಾವಕ್ಕೆ ಒಳಗಾದದ್ದು ಎಂಬುದನ್ನು ನಿರ್ಣಯಿಸಲೆಳಸುತ್ತಾರೆ. ಚನ್ನಪಟ್ಟಣದ ಅರಗಿನ ಗೊಂಬೆಗಳ ವಿಷಯದಲ್ಲಿ ಈ ಮಾರ್ಗವು ನಮ್ಮನ್ನು ಬಹುದೂರ ಕೊಂಡೊಯ್ಯಲಾರದು. ಮಗುವಿನ ಕೈಸೇರಿದ ಗೊಂಬೆಯು ಕಚ್ಚಿಸಿಕೊಂಡು, ಎಸೆಯಿಸಿಕೊಂಡು, ಕಡೆಗೊಂದು ದಿನ ಒಲೆಯನ್ನೋ ತಿಪ್ಪೆಯನ್ನೋ ಸೇರತಕ್ಕದ್ದೇ ಹೊರತು ಶತಮಾನಗಳ ಕಾಲ ಉಳಿದು ಸಾಕ್ಷಿ ನುಡಿಯತಕ್ಕದ್ದಲ್ಲ. ಆ ಕಸಬಿನ ಪೂರ್ವೋತ್ತರವನ್ನು ಅರಿಯಬೇಕೆಂಬವರು ಅಂಗಡಿಯ ಮುಂಭಾಗವನ್ನು ಬಿಟ್ಟು ಹಿತ್ತಿಲಿಗೆ ನಡೆದು, ಅಲ್ಲಿ ಗೋಡೆಯ ಮಗ್ಗುಲಲ್ಲಿ ಪೇರಿಸಿರುವ ಮರದ ಒಟ್ಟಿಲನ್ನು ನೋಡಬೇಕೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ಯಾವ ಮರವು ಕಡಸಲುಗಾರನ ಪಾಲಿಗೆ ಬಂದಿತು, ಎಷ್ಟು ದಪ್ಪದ್ದು ಬಂದಿತು, ಬಂದದ್ದನ್ನು ಅವನು ಹೇಗೆ ಕೂಡಿಟ್ಟು ಯಾವ ಕ್ರಮದಲ್ಲಿ ವ್ಯಯಮಾಡಿದನು ಎಂಬುದನ್ನು ತಿಳಿದವನಿಗೆ ಆ ಊರಿನ ಕಡಸಲಿನ ಚರಿತ್ರೆಯ ಬಹುಭಾಗವು ತಾನಾಗಿಯೇ ತಿಳಿದುಬರುತ್ತದೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಈ ಪಟ್ಟಣವು ಕೈಕೆಲಸಕ್ಕೆ ಹೆಸರಾದದ್ದು ನಿನ್ನೆ ಮೊನ್ನೆಯಲ್ಲ. ಹಳೆಯ ಗೆಜೆಟಿಯರುಗಳು ಚನ್ನಪಟ್ಟಣವನ್ನು ಪ್ರಸ್ತಾಪಿಸುವಾಗ ಅರಗಿನ ಸಾಮಾನುಗಳನ್ನೂ ಆಟಿಕೆಗಳನ್ನೂ ಹೇಳುವುದರ ಜೊತೆಗೆ, ದಕ್ಷಿಣದ ವೀಣೆಗಳಿಗೆಲ್ಲ ಬೇಕಾಗಿದ್ದ ಉಕ್ಕಿನ ತಂತಿಗಳನ್ನೂ ಗಾಜಿನ ಬಳೆಗಳನ್ನೂ ಸ್ಮರಿಸುತ್ತವೆ. ತಂತಿಯವರು ಹೋದರು, ಬಳೆಯವರೂ ಹೋದರು, ಕಡಸಲುಗಾರರು ಉಳಿದರು. ಇವರ ಮೂಲವನ್ನು ಕುರಿತು ಊರಿನಲ್ಲಿ ಪ್ರಸಿದ್ಧವಾಗಿರುವ ಐತಿಹ್ಯವೇನೆಂದರೆ, ಟಿಪ್ಪು ಸುಲ್ತಾನನು ಪಾರಸಿಕ ದೇಶದಿಂದ ಕುಶಲಿಗಳನ್ನು ಕರೆಸಿ ಇಲ್ಲಿಯವರಿಗೆ ಈ ವಿದ್ಯೆಯನ್ನು ಕಲಿಸಿದನೆಂಬುದು. ರಾಜಾಶ್ರಯವು ಈ ಕಸಬಿಗೆ ಬಲವಿತ್ತಿರಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತಿರುಗುವ ಮರಕ್ಕೆ ಅರಗನ್ನು ಒತ್ತಿ ಬಣ್ಣವೇರಿಸುವ ಕ್ರಮವು ಸಿಂಧ್, ಪಂಜಾಬ್, ಗುಜರಾತಿನ ಸಂಖೇಡಾ, ಕಾಶಿ ಮೊದಲಾದೆಡೆಗಳಲ್ಲಿಯೂ ಬೇರೂರಿದ್ದಿತು. ಅರಗಿನ ಮನೆಯ ಕಥೆಯನ್ನು ಮನೆಮಾತಾಗಿಸಿಕೊಂಡಿರುವ ನಮ್ಮ ಜನಕ್ಕೆ ಅರಗನ್ನು ಹೊರಗಿನವರು ಬಂದು ಪರಿಚಯಿಸಬೇಕಾಗಿರಲಿಲ್ಲ. ಮೈಸೂರು ಸೀಮೆಯ ಕಾಡುಗಳಲ್ಲಿಯೇ ಜಾಲಾರಿ ಮರದ ಕೊಂಬೆಗಳ ಮೇಲೆ ಅರಗಿನ ಹುಳು ಗೂಡುಕಟ್ಟುತ್ತಿದ್ದಿತು.

ಇನ್ನು ಮರದ ಮಾತು. ಶ್ರೀಗಂಧದಲ್ಲಿಯೂ ಬೀಟೆಯಲ್ಲಿಯೂ ಹಿಂದೆ ಇಲ್ಲಿ ಗೊಂಬೆಗಳನ್ನು ಕಡೆಯುತ್ತಿದ್ದರೆಂದು ಹೇಳುವುದುಂಟು, ಇದ್ದಿರಬಹುದು. ಆದರೆ ಕಡಸಲುಗಾರರ ಆಶ್ರಯದಾತನೆಂದು ಖ್ಯಾತನಾದ ಅದೇ ದೊರೆಯು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನೆಂಬುದನ್ನು ಮರೆಯಲಾಗದು. ಮುಂದೆ ಮೈಸೂರಿನ ಅರಣ್ಯ ಇಲಾಖೆ ಏರ್ಪಟ್ಟ ಮೇಲೆ ತೇಗ, ಬೀಟೆ, ಹೊನ್ನೆಗಳೂ ಸರ್ಕಾರದ ರಕ್ಷಿತ ಮರಗಳಾದುವು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಪ್ರಾರಂಭವಾದ ತರುವಾಯ ಗಂಧದ ಬೇರಿಗೂ ಚಕ್ಕೆಗೂ ಹುಡಿಗೂ ಸಹ ಬೆಲೆ ಬಂದಿತು. ಉಳಿದ ಗಂಧವು ಸಾಗರ ಸೊರಬಗಳ ಗುಡಿಗಾರರ ಉಳಿಗೆ ಸಲ್ಲುತ್ತಿದ್ದಿತು. ಹೀಗೆ ಬೆಲೆಬಾಳುವ ಮರಗಳೆಲ್ಲ ಒಂದೊಂದಾಗಿ ದೂರಸರಿದಾಗ, ತೊಲೆಗಾಗಲಿ ಬಾಗಿಲಿಗಾಗಲಿ ಒದಗದ, ಕಂಟ್ರಾಕ್ಟುದಾರನ ಕಣ್ಣಿಗೆ ಬೀಳದ ಒಂದು ಸಾಧುವೃಕ್ಷವು ಕಡಸಲುಗಾರನ ಕೈಹಿಡಿಯಿತು. ಅದೇ ಹಾಲೆಯ ಮರ.

ಒಣಭೂಮಿಯ ಕುರುಚಲು ಕಾಡುಗಳಲ್ಲಿ, ಬೇಲಿಗಳಲ್ಲಿ, ಗುಡ್ಡದ ಇಳಿಜಾರುಗಳಲ್ಲಿ ಬೆಳೆಯುವ ಈ ಮರವು ದೊಡ್ಡದಾಗಿ ಬೆಳೆಯುವುದು ಅಪರೂಪ. ಎಲೆಯನ್ನು ಕಿತ್ತರೆ ಹಾಲು ಒಸರುತ್ತದೆ. ಬೇಸಗೆಯಲ್ಲಿ ಬಿಳಿಯ ಹೂಗೊಂಚಲು ತುಂಬುತ್ತದೆ. ಆಮೇಲೆ ಜೋಡಿಜೋಡಿಯಾಗಿ ಸಣ್ಣ ಉದ್ದನೆಯ ಕಾಯಿಗಳು ಜೋಲುತ್ತವೆ. 18ನೆಯ ಶತಮಾನದ ಕೊನೆಯಲ್ಲಿ ರಾಕ್ಸ್‌ಬರೋ ಎಂಬ ಸಸ್ಯಶಾಸ್ತ್ರಜ್ಞನು ಇದರ ಎಲೆಯಿಂದ ನೀಲಿಯ ಬಣ್ಣವನ್ನು ತೆಗೆಯುವ ವಿಧಾನವನ್ನು ಶ್ರದ್ಧೆಯಿಂದ ಪರೀಕ್ಷಿಸಿದ್ದನು. ಬಣ್ಣದ ಗೊಂಬೆಗಳಿಗೆ ಒಡಲಾಗಬೇಕಾದ ಮರದ ಎಲೆಯಲ್ಲಿಯೇ ಬಣ್ಣವಿರುವುದು ನನಗೆ ಬಲು ಸಂತೋಷವನ್ನುಂಟುಮಾಡುವ ಸಂಗತಿ. ಆದರೆ ಕಡಸಲುಗಾರನಿಗೆ ಬೇಕಾದುದು ಅದರ ದಾರು. ದಂತದಂತೆ ಬೆಳ್ಳಗಿರುವ, ಎಳೆಗಳು ನವುರಾಗಿ ಒತ್ತಾಗಿರುವ ಆ ಮರವು ಉಳಿಯ ಬಾಯಿಗೆ ಸಿಬಿರೇಳದೆ ಬೆಣ್ಣೆಯಂತೆ ಬಿಟ್ಟುಕೊಡುತ್ತದೆ. ಬಿಳಿಯ ಮೈಯಾದುದರಿಂದ ಅರಿಶಿನದ ಹಳದಿಯಾಗಲಿ ನೀಲಿಯಾಗಲಿ ಕಾಚಿನ ಕಂದಾಗಲಿ ಕಳೆಗುಂದದೆ ಬೆಳಗುತ್ತದೆ.

ಇಷ್ಟು ಗುಣವಂತವಾದ ಮರವನ್ನು ಕಡಿದು ತಂದ ದಿನವೇ ಕಡಸಲಿಗೆ ಏರಿಸಬಹುದೇ ಎಂದರೆ, ಏರಿಸಲಾಗದು. ಹಸಿಯ ಮರದಲ್ಲಿರುವ ನೀರು ಆರುತ್ತ ಬಂದಂತೆ ಮರವು ಕುಗ್ಗುತ್ತದೆ. ಆ ಕುಗ್ಗುವಿಕೆಯೂ ಎಲ್ಲ ದಿಕ್ಕಿಗೂ ಸಮನಾಗಿರದೆ, ಬೆಳವಣಿಗೆಯ ವಲಯಗಳ ಗುಂಟ ಹೆಚ್ಚಾಗಿಯೂ, ನಡುವಿನಿಂದ ತೊಗಟೆಯ ಕಡೆಗೆ ಅದರ ಸುಮಾರು ಅರ್ಧದಷ್ಟೂ ಆಗುತ್ತದೆ. ಆದುದರಿಂದ ಇಂದು ದುಂಡಗೆ ಕಡೆದ ಕುಂಕುಮದ ಭರಣಿಯು ಮುಂದಿನ ತಿಂಗಳಿಗೆ ಮೊಟ್ಟೆಯಾಕಾರಕ್ಕೆ ತಿರುಗಿ, ಮುಚ್ಚಳವು ಬಾಯಿಗೆ ಕೂಡದೆ ಹೋಗುತ್ತದೆ. ಅರಗೂ ಅಷ್ಟೆ; ತೇವದ ಮೈಯನ್ನು ಅದು ಭದ್ರವಾಗಿ ಹಿಡಿಯದು. ಈ ಕಾರಣದಿಂದ ಕಡಸಲುಗಾರನು ಕೂಡಿಡುವುದನ್ನು ಕಲಿತನು. ತೊಗಟೆ ಸುಲಿದು, ಗಾಳಿಯಾಡುವಂತೆ ಅಡ್ಡಡ್ಡಲಾಗಿ ಪೇರಿಸಿ, ಎರಡು ಮೂರು ತಿಂಗಳಾದರೂ ಆರಗೊಡುವುದು ವಾಡಿಕೆ. ಮರದ ನೀರು ಮಗ್ಗುಲಿಗಿಂತ ತುದಿಗಳಲ್ಲಿ ಬಹುಬೇಗ ಹೊರಡುವುದರಿಂದ ಬಿರುಕು ಮೊದಲು ಕಾಣಿಸಿಕೊಳ್ಳುವುದು ತುದಿಯಲ್ಲಿ. ಎಚ್ಚರವುಳ್ಳವರು ಅಲ್ಲಿಗೆ ಮೇಣವನ್ನೋ ಬಣ್ಣವನ್ನೋ ಬಳಿಯುತ್ತಾರೆ, ಇಲ್ಲವೆ ಬಿರುಕಿಗೆಂದು ಒಂದಷ್ಟು ಉದ್ದವನ್ನು ಬಿಟ್ಟು ಕತ್ತರಿಸುತ್ತಾರೆ.

ಹೀಗೆಂದಮಾತ್ರಕ್ಕೆ, ಕೂಡಿಟ್ಟಷ್ಟೂ ಒಳ್ಳೆಯದೆಂದು ಭಾವಿಸುವವನು ಕೆಡುತ್ತಾನೆ. ಹಾಲೆಯಂಥ ಬಿಳಿಯ ಮರಗಳನ್ನು ಮಳೆಗಾಲದ ತೇವದಲ್ಲಿ ಒತ್ತೊತ್ತಾಗಿ ಇಟ್ಟರೆ ಬೂಷ್ಟು ಒಳಹೊಕ್ಕು ನೀಲಿಗಟ್ಟುತ್ತವೆ. ಒಣಗಿದ ಮೇಲೂ ಹಿತ್ತಿಲಲ್ಲಿ ಮರೆತುಬಿಟ್ಟರೆ ಕುಟ್ಟೆ ಹಿಡಿದು, ಹೊರಗೆ ಸೂಜಿಮೊನೆಯಷ್ಟು ರಂಧ್ರವೂ ಒಳಗೆ ಬರಿಯ ಹಿಟ್ಟೂ ಆಗುತ್ತವೆ. ಅತ್ತ ಅವಸರವೂ ಸಲ್ಲದು, ಇತ್ತ ಲೋಭವೂ ಸಲ್ಲದು. ಈ ಎರಡರ ನಡುವಣ ಕಾಲವನ್ನು ಕೈಯ ತೂಕದಿಂದಲೂ, ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿದಾಗ ಹೊರಡುವ ನಾದದಿಂದಲೂ ಬಲ್ಲವನೇ ಈ ಕಸಬಿನ ಯಜಮಾನ. ಯಂತ್ರಕ್ಕಿಂತ ಈ ಜ್ಞಾನವನ್ನು ನಾನು ದೊಡ್ಡದೆಂದೆಣಿಸುತ್ತೇನೆ.

ಒಟ್ಟಿಲನ್ನು ಕರಗಿಸುವ ಕ್ರಮದಲ್ಲಿಯೂ ಒಂದು ಶಾಸ್ತ್ರವುಂಟು. ಗಂಟಿಲ್ಲದೆ ನೇರವಾಗಿ ಬೆಳೆದ ದಪ್ಪ ತುಂಡುಗಳು ಮೊದಲು ತೊಟ್ಟಿಲ ಕಾಲಿಗೂ ಮಂಚದ ಕಾಲಿಗೂ ದೀಪದ ಕಂಬಕ್ಕೂ ಸಲ್ಲುತ್ತವೆ. ಅವುಗಳಿಂದ ಕೊಯ್ದುಳಿದ ಮೋಟುಗಳು ಭರಣಿ, ಬುಗುರಿ, ಗಿಲಕಿಗಳಾಗುತ್ತವೆ. ಮುಂಗೈ ಗಾತ್ರದ ಕೊಂಬೆಗಳು ಹೆಣ್ಣುಮಕ್ಕಳ ಅಡಿಗೆಯಾಟದ ಸಾಮಾನುಗಳಾಗುತ್ತವೆ: ಒಂದೇ ಕಡ್ಡಿಯನ್ನು ಕಡಸಲಿಗೆ ಸಿಕ್ಕಿಸಿ, ತುದಿಯಿಂದ ಮೊದಲ್ಗೊಂಡು ಒಂದು ಚೆಂಬು, ಅದರ ಹಿಂದೆ ಒಂದು ಬೋಗುಣಿ, ಅದರ ಹಿಂದೆ ಒಂದು ಲೋಟವೆಂದು ಸಾಲಾಗಿ ಕಡೆದು, ಅರಗಿಟ್ಟು, ಒಂದೊಂದಾಗಿ ಕತ್ತರಿಸಿ ಬೀಳಿಸುತ್ತಾರೆ. ಹಿಡಿತದೊಳಗೆ ಕಡೆಗೆ ಉಳಿಯುವ ಗೇಣಿಗೂ ಕಡಮೆಯಾದ ಮೋಟು ಚದುರಂಗದ ಕಾಲಾಳಾಗುತ್ತದೆ, ಗುಂಡಿಯಾಗುತ್ತದೆ, ಮಣಿಯಾಗುತ್ತದೆ. ಉದುರಿದ ಹೊಪ್ಪಳಿಕೆಯು ಒಲೆಗೆ.

ಸಣ್ಣ ವಸ್ತುಗಳ ಕಡೆಗೆ ಈ ಕಸಬು ವಾಲಿದುದಕ್ಕೆ ಮಿತವ್ಯಯವೊಂದೇ ಕಾರಣವಲ್ಲ. ಮರದ ನಡುತಿರುಳು ಒಡಲೊಳಗೆ ಉಳಿದುಕೊಂಡ ಯಾವ ದುಂಡು ವಸ್ತುವೂ ಬಿರಿಯುವ ಭಯದಿಂದ ಮುಕ್ತವಲ್ಲ. ಹಾಲೆಯ ಕಾಂಡವೋ ಸಣ್ಣದು, ದೊಡ್ಡ ವಸ್ತುವನ್ನು ಕಡೆಯಹೋದರೆ ತಿರುಳನ್ನು ತಪ್ಪಿಸುವ ಉಪಾಯವಿಲ್ಲ. ಆದರೆ ಮಣಿಗೂ ಬಳೆಗೂ ಉಂಗುರಕ್ಕೂ ನಡುವೆ ರಂಧ್ರವನ್ನು ಕೊರೆಯಲೇಬೇಕಷ್ಟೆ. ಆ ರಂಧ್ರದೊಡನೆ ತಿರುಳೂ ಹೊರಟುಹೋಗಿ, ಉಳಿದ ಒಡಲು ನಿಶ್ಚಿಂತವಾಗುತ್ತದೆ. ಭರಣಿಯಂಥ ಪೊಳ್ಳು ವಸ್ತುಗಳ ಮಾತೂ ಹೆಚ್ಚು ಕಡಮೆ ಇದೇ. ಕಡಸಲುಗಾರನ ಕಲ್ಪನೆಯನ್ನು ನಾವು ಕೊಂಡಾಡುವಾಗ, ಆ ಕಲ್ಪನೆಗೆ ಮಿತಿಯನ್ನೂ ಮಾರ್ಗವನ್ನೂ ತೋರಿಸಿಕೊಟ್ಟ ಕಿರಿಗಾತ್ರದ ಮರವನ್ನೂ ಜ್ಞಾಪಿಸಿಕೊಳ್ಳಬೇಕು.

ಹಿಂದಿನ ಕಡಸಲು ಬಿಲ್ಲಿನದು. ನೆಲದ ಮೇಲೆ ಕುಳಿತು, ಒಂದು ಕೈಯಿಂದ ಬಿಲ್ಲನ್ನು ಎಳೆಯುತ್ತ ಬಿಡುತ್ತ, ಇನ್ನೊಂದು ಕೈಯಿಂದಲೂ ಕಾಲಿನ ಬೆರಳುಗಳಿಂದಲೂ ಉಳಿಯನ್ನು ಹಿಡಿದು ಕಡೆಯಬೇಕಾಗಿತ್ತು. ಮರವು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಿರುಗುವುದರಿಂದ ಅರ್ಧ ತಿರುಗಾಟದಲ್ಲಿ ಮಾತ್ರ ಉಳಿಗೆ ಕೆಲಸ. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗವು ಈ ಊರನ್ನು ಹಾದು ಹೋದುದರಿಂದ ಗಿರಾಕಿಗಳು ಹೆಚ್ಚಿದರು. ಜಪಾನಿನ ಕಡಸಲಿನ ವಿಧಾನವನ್ನು ಇಲ್ಲಿಗೆ ತಂದು ಗೊಂಬೆಯ ಕೆಲಸಕ್ಕೆ ಹೊಸ ರೂಪವನ್ನಿತ್ತವರೆಂದು ಬಾವಾಸ್ ಮಿಯಾ ಅವರನ್ನು ಊರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. ಚನ್ನಪಟ್ಟಣದ ಗೊಂಬೆಯ ಜನಕನೆಂಬ ಬಿರುದೂ ಅವರದೇ. ಆ ಮೇಲೆ ಬಂದ ವಿದ್ಯುತ್ ಯಂತ್ರವು ಒಂದೇ ದಿಕ್ಕಿಗೆ ಎಡೆಬಿಡದೆ ತಿರುಗುವುದು. ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಕಾವಿಗೇ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೇದಗೆಯ ಒಣಗರಿಯಿಂದ ಒತ್ತಿ ಸವರಿದೊಡನೆ ಕನ್ನಡಿಯ ಹೊಳಪು ಬರುತ್ತದೆ. ಬಿಲ್ಲಿನ ಕಾಲದಿಂದ ಇಂದಿನವರೆಗೆ ಬದಲಾಗದೆ ಉಳಿದಿರುವುದು ಈ ಅರಗು ಮತ್ತು ಗರಿಗಳೇ. ಗೃಹಕೃತ್ಯದ ನಡುವೆ ಬಿಡುವು ಮಾಡಿಕೊಂಡು ಈ ಯಂತ್ರಗಳ ಮುಂದೆ ಕುಳಿತ ಹೆಂಗಸರ ಕೈಚಳಕವೂ ಈಚಿನ ದಶಕಗಳಲ್ಲಿ ಕಸಬಿಗೆ ಕೂಡಿಬಂದಿದೆ.

ಯಂತ್ರದಿಂದ ಲಾಭವಾಯಿತು, ಆದರೆ ಒಟ್ಟಿಲಿನ ಮೇಲೆ ಅದರ ಹಸಿವು ಎರಗಿತು. ಬಿಲ್ಲಿನವನು ತಿಂಗಳುಗಟ್ಟಲೆ ಕರಗಿಸುತ್ತಿದ್ದ ಮರವನ್ನು ಯಂತ್ರವು ಕೆಲವೇ ದಿನಗಳಲ್ಲಿ ನುಂಗತೊಡಗಿತು; ಆರುವುದಕ್ಕೆ ಬೇಕಾದ ಕಾಲವಾದರೋ ಕಿಂಚಿತ್ತೂ ಕುಗ್ಗಲಿಲ್ಲ. ಸುತ್ತಣ ಗುಡ್ಡಗಳ ಹಾಲೆ ವಿರಳವಾಯಿತು. ಆಗ ಬಂದುದು ರಬ್ಬರ್ ಮರ: ಇಪ್ಪತ್ತೈದು ಮೂವತ್ತು ವರ್ಷ ಹಾಲನ್ನಿತ್ತು ಬತ್ತಿದ ತೋಟದ ಮರವನ್ನು ಕಡಿದು ಹಾಕುವುದು ಅನಿವಾರ್ಯವಾದ್ದರಿಂದ ಅದು ಧಾರಾಳವಾಗಿ ದೊರೆಯುವುದು. ಕುಟ್ಟೆಗೆ ಅದು ಹಾಲೆಗಿಂತ ಪ್ರಿಯವಾದ ಆಹಾರವಾದುದರಿಂದ ಔಷಧ ಹಾಯಿಸದೆ ಕೂಡಿಡುವಂತಿಲ್ಲ. ಅದರ ಬೆನ್ನಿಗೇ ವಿದೇಶದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಪೇಟೆಯನ್ನು ತುಂಬಿ, ಅನೇಕ ಮನೆಗಳಲ್ಲಿ ಕಡಸಲು ನಿಂತಿತು. ಆ ದುಃಖದ ಕಥೆಯನ್ನು ಇಲ್ಲಿ ಬೆಳೆಸಲಾರೆ. 2005–06ರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚ್ಯಂಕದ ರಕ್ಷಣೆ ದೊರೆತದ್ದರಿಂದ ಹೆಸರಿಗೆ ಕಾವಲಾಯಿತು; ಮರಕ್ಕೆ ಆಗಲಿಲ್ಲ.

ಆಂಧ್ರದ ಏಟಿಕೊಪ್ಪಾಕದಲ್ಲಿಯೂ ಅರಗಿನ ಗೊಂಬೆಗಳನ್ನು ಇದೇ ಮರದಲ್ಲಿ ಕಡೆಯುತ್ತಾರೆ; ಅಲ್ಲಿ ಅದು ಅಂಕುಡು. ಎರಡೂ ಊರುಗಳ ಅಳಲು ಒಂದೇ, ಎರಡಕ್ಕೂ ಒಪ್ಪುವ ಉಪಾಯವೂ ಒಂದುಂಟು. ಹಾಲೆಯು ಕಡಿದ ಬುಡದಿಂದ ಮತ್ತೆ ಚಿಗುರುವ ಮರ. ಬೇರಿನಿಂದಲೂ ಮರಿ ಏಳುವುದು. ಹೊಲದ ಬದುಗಳಲ್ಲಿ ನೆಟ್ಟು, ಸರದಿಯ ಮೇಲೆ ಕಡಿಯುತ್ತ ಬಂದರೆ, ಬುಡವು ಜೀವಂತವಾಗಿದ್ದುಕೊಂಡೇ ಮುಂಗೈ ಗಾತ್ರದ ನೇರವಾದ ಕೋಲುಗಳನ್ನು ಮರಳಿ ಮರಳಿ ಕೊಡುವುದು. ತೊಲೆಗೆ ಆ ಗಾತ್ರವು ಸಾಲದು. ಬುಗುರಿಗೂ ಗಿಲಕಿಗೂ ಚೆಂಬು ಬೋಗುಣಿಗಳಿಗೂ ಬೇಕಾದುದು ಅಷ್ಟೇ ಗಾತ್ರ.